ಧಾರವಾಡಕ್ಕೆ ಓದಲು ಬರುವವರಿಗೆ: ಖೋಲಿ, ನಳ, ಊಟ, ಬಸ್ಸು ಮತ್ತು ಕಾಗದಪತ್ರ

ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಪಾಲಿಕೆಯಡಿ ಬಂದರೂ, ಓದಲು ಬರುವ ವಿದ್ಯಾರ್ಥಿಯ ಪಾಲಿಗೆ ಅವು ಎರಡು ಬೇರೆ ಊರುಗಳೇ ಆಗಿವೆ. ನಡುವೆ ಸುಮಾರು 20 ಕಿಲೋಮೀಟರ್ ಅಂತರವಿದೆ; ಒಂದರದು ವ್ಯಾಪಾರದ ನಡೆ, ಇನ್ನೊಂದರದು ನಿಧಾನದ ನಡೆ. ಹೊಸಬರು ಮಾಡುವ ಮೊದಲ ತಪ್ಪು ಇಲ್ಲಿಯೇ ಆರಂಭವಾಗುತ್ತದೆ. ತರಗತಿ ಧಾರವಾಡದಲ್ಲಿರುತ್ತದೆ, ಆದರೆ ದೂರದ ಸಂಬಂಧಿಕರ ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿದೆಯೆಂಬ ಕಾರಣಕ್ಕೆ ಮೂಟೆ ಅಲ್ಲಿ ಇಳಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಓದುವ ಸಮಯವೆಲ್ಲ ಬಸ್ಸಿನಲ್ಲಿ ಕರಗಿ, ಸಂಬಂಧಿಕರೊಂದಿಗಿನ ಸಲಿಗೆಯೂ ಸ್ವಲ್ಪ ಹುಳಿಯಾಗಿ, ಕಡೆಗೆ ಮತ್ತೆ ಖೋಲಿ, ಅಂದರೆ ಬಾಡಿಗೆಯ ಕೋಣೆ, ಹುಡುಕುವ ಕೆಲಸವೇ ಉಳಿಯುತ್ತದೆ.

ಆದುದರಿಂದ ನಿಮ್ಮ ತರಗತಿ ನಡೆಯುವ ಕಟ್ಟಡ ಎಲ್ಲಿದೆಯೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ಊರಿನ ಪಶ್ಚಿಮಕ್ಕೆ ಪಾವಟೆ ನಗರದಲ್ಲಿದೆ. 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವು ಬೆಳಗಾವಿ ರಸ್ತೆಯ ಕಡೆಗಿದೆ. ಐಐಟಿ ಊರಿನ ಹೊರಗೆ ಚಿಕ್ಕಮಲ್ಲಿಗವಾಡದ ಬಳಿ ಇದ್ದು, ಅಲ್ಲಿಯ ವಿದ್ಯಾರ್ಥಿಗಳಿಗೆ ಆವರಣದಲ್ಲಿಯೇ ವಸತಿ ಇರುವುದರಿಂದ ಖೋಲಿಯ ಚಿಂತೆ ಅವರಿಗೆ ಅಷ್ಟಾಗಿ ಇಲ್ಲ. ಹುಬ್ಬಳ್ಳಿಯ ಕಡೆ ನೋಡಿದರೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಹಳಬರು ಇಂದಿಗೂ ಕಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ವಿದ್ಯಾನಗರದಲ್ಲಿವೆ. ರಾಜ್ಯ ಕಾನೂನು ವಿಶ್ವವಿದ್ಯಾಲಯವು ಎರಡೂ ಊರುಗಳ ನಡುವಿನ ನವನಗರದಲ್ಲಿದೆ. ನವನಗರದವರು ಮಾತ್ರ ಎತ್ತ ಬೇಕಾದರೂ ನೆಲೆಸಬಹುದು. ಉಳಿದವರು ತರಗತಿಯಿರುವ ಊರಿನಲ್ಲಿಯೇ ಇರುವುದು ಲೇಸು. ಈ ಬರಹದಲ್ಲಿ ಹೆಚ್ಚಿನ ಮಾತು ಧಾರವಾಡವನ್ನು ಕುರಿತದ್ದು, ಏಕೆಂದರೆ ನಾನು ಓದಿದ್ದೂ ಉಳಿದದ್ದೂ ಇಲ್ಲಿಯೇ.

ಊರು ಬಿಡುವ ಮುನ್ನ: ಕಾಗದಪತ್ರಗಳು

ಹಾಸಿಗೆ, ಬಕೆಟ್ಟುಗಳನ್ನು ಇಲ್ಲಿಯೂ ಕೊಳ್ಳಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮಾತ್ರ ಊರಿನ ನಾಡಕಚೇರಿಯಲ್ಲಿಯೇ ಮಾಡಿಸಿಕೊಂಡು ಬರಬೇಕು. ಅವುಗಳ ಅವಧಿ ಮುಗಿದಿದೆಯೇ ಎಂದು ನೋಡಿರಿ, ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಬೇರೆಡೆ ಬರೆದಿಟ್ಟುಕೊಳ್ಳಿರಿ, ಮತ್ತು ಪ್ರಮಾಣಪತ್ರದಲ್ಲಿರುವ ಹೆಸರು, ಆಧಾರದಲ್ಲಿರುವ ಹೆಸರು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರು ಈ ಮೂರೂ ಅಕ್ಷರಶಃ ಹೊಂದುತ್ತವೆಯೇ ಎಂದು ಪರೀಕ್ಷಿಸಿರಿ. ನಮ್ಮ ಭಾಗದಲ್ಲಿ ಅಡ್ಡಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ ಬರುವುದು ಸಾಮಾನ್ಯ; ವಿದ್ಯಾರ್ಥಿವೇತನದ ಅರ್ಜಿ ತಡೆಯಾಗುವುದಕ್ಕೆ ಅಷ್ಟು ವ್ಯತ್ಯಾಸವೇ ಸಾಕಾಗುತ್ತದೆ.

ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಹಣವು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಬರುವುದಿಲ್ಲ, ಆಧಾರಕ್ಕೆ ಜೋಡಣೆಯಾಗಿರುವ ಖಾತೆಗೆ ಬರುತ್ತದೆ ಎಂಬುದನ್ನು ಬಹಳ ಮಂದಿ ತಡವಾಗಿ ತಿಳಿಯುತ್ತಾರೆ. ಎರಡು ಬ್ಯಾಂಕುಗಳಲ್ಲಿ ಖಾತೆಯಿದ್ದರೆ ಕೊನೆಯಲ್ಲಿ ಯಾವುದನ್ನು ಜೋಡಿಸಿದ್ದೀರೋ ಅದಕ್ಕೇ ಹಣ ಜಮೆಯಾಗುತ್ತದೆ. ಹೊಸ ಊರಿಗೆ ಬಂದ ಹುಮ್ಮಸ್ಸಿನಲ್ಲಿ ಹೊಸ ಖಾತೆ ತೆರೆದು, ಹಳೆಯದನ್ನು ಮರೆತು, ಬಳಕೆಯಿಲ್ಲದೆ ಅದು ಸ್ಥಗಿತವಾದರೆ, ಬಂದ ಹಣ ತಿರುಗಿ ಹೋಗುತ್ತದೆ. ಆಧಾರಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನೂ ಬದಲಿಸಬೇಡಿರಿ; ಅದು ಅಪ್ಪನ ಹತ್ತಿರ ಊರಲ್ಲಿದ್ದರೆ ಪ್ರತಿ ಒಟಿಪಿಗೂ ಹೊಲಕ್ಕೆ ಫೋನ್ ಮಾಡಬೇಕಾಗುತ್ತದೆ, ಹೊಲದಲ್ಲಿ ಸಿಗ್ನಲ್ ಇರುವುದಿಲ್ಲ.

ಸರ್ಕಾರಿ ವಸತಿ ನಿಲಯ ಬೇಕಾದವರು ಪ್ರವೇಶ ಸಿಕ್ಕ ಕೂಡಲೇ ರಾಜ್ಯ ವಸತಿ ನಿಲಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಯ ಸಹಾಯಧನವಿದೆ. ಬೇರೆ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರಕ್ಕೆ ಬರುವವರು ವಲಸೆ ಪ್ರಮಾಣಪತ್ರವನ್ನು ತರಲು ಮರೆಯಬಾರದು. ಮೂಲ ಪ್ರತಿಗಳನ್ನು ಕಚೇರಿಗೆ ಒಪ್ಪಿಸುವ ಮುನ್ನ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿರಿ, ಒಪ್ಪಿಸಿದ ಮೇಲೆ ಸ್ವೀಕೃತಿ ಪಡೆಯಿರಿ.

ಖೋಲಿ ಹುಡುಕುವ ಬಗೆ

ಬಂದ ದಿನವೇ ಖೋಲಿ ಹಿಡಿಯಬೇಡಿರಿ ಎಂಬುದು ನನ್ನ ಮೊದಲ ಮತ್ತು ಕೊನೆಯ ಸಲಹೆ. ಒಂದೆರಡು ವಾರ ಸೀನಿಯರ್ ಒಬ್ಬರ ಖೋಲಿಯಲ್ಲಿಯೋ, ದಿನದ ಲೆಕ್ಕದ ಪಿಜಿಯಲ್ಲಿಯೋ, ಮೇಲೆ ಹೇಳಿದ ಸಂಬಂಧಿಕರ ಮನೆಯಲ್ಲಿಯೋ ಇದ್ದುಕೊಂಡು, ಬೆಳಿಗ್ಗೆ ಮತ್ತು ರಾತ್ರಿ ಎರಡೂ ಹೊತ್ತಿನಲ್ಲಿ ಓಣಿಗಳನ್ನು ನಡೆದು ನೋಡಬೇಕು. ಧಾರವಾಡದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ನೆಲೆಸುವುದು ಸಪ್ತಾಪುರ, ಜಯನಗರ, ಶ್ರೀನಗರ, ಕಲ್ಯಾಣನಗರಗಳ ಸುತ್ತ. ಸಪ್ತಾಪುರವು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಂದ ತುಂಬಿರುವುದರಿಂದ ಅಲ್ಲಿ ಓದುವ ಕೊಠಡಿ, ಝೆರಾಕ್ಸ್ ಅಂಗಡಿ, ಖಾನಾವಳಿ ಎಲ್ಲವೂ ಕೈಯಳತೆಯಲ್ಲಿವೆ. ಆದರೆ ಅದೇ ಕಾರಣಕ್ಕೆ ಬಾಡಿಗೆ ಹೆಚ್ಚು, ಗಾಳಿ ಬೆಳಕು ಕಡಿಮೆ. ಒಂದು ಖೋಲಿಯನ್ನು ಪ್ಲೈವುಡ್ಡಿನಿಂದ ಎರಡು ಮಾಡಿ ಬಾಡಿಗೆಗೆ ಕೊಡುವ ರೂಢಿಯೂ ಅಲ್ಲಿ ಉಂಟು. ಮಾಳಮಡ್ಡಿಯ ಹಳೆಯ ಹಂಚಿನ ಮನೆಗಳಲ್ಲಿ ಹಿತ್ತಲ ಕಡೆಯ ಖೋಲಿ ಸಿಕ್ಕರೆ ಅದು ಭಾಗ್ಯವೆಂದೇ ತಿಳಿಯಬೇಕು. ರೈಲು ನಿಲ್ದಾಣವೂ ಹತ್ತಿರ.

ಖೋಲಿ ನೋಡಲು ಹೋದಾಗ ಗೋಡೆಯ ಬಣ್ಣ, ಅಟ್ಯಾಚ್ ಬಾತ್‌ರೂಮುಗಳಿಗೆ ಮೊದಲು ಮರುಳಾಗಬೇಡಿರಿ. ಕೇಳಬೇಕಾದ ಮೊದಲ ಪ್ರಶ್ನೆ ಇದು: "ನಳ ಎಷ್ಟ ದಿನಕ್ಕೊಮ್ಮೆ ಬರ್ತದ್ರಿ?" ನಳ ಬರುವುದೆಂದರೆ ನಲ್ಲಿಯಲ್ಲಿ ನೀರು ಬರುವುದು; ಬೆಂಗಳೂರು, ಮೈಸೂರಿನ ಕಡೆಯವರಿಗೆ ಈ ಪ್ರಶ್ನೆಯ ತೂಕ ತಿಳಿಯಲಿಕ್ಕಿಲ್ಲ. ಅವಳಿನಗರಕ್ಕೆ ನೀರು ಮುಖ್ಯವಾಗಿ ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ ಬರುತ್ತದೆ. ಕೆಲವು ವಾರ್ಡುಗಳಲ್ಲಿ 24 ಗಂಟೆಯೂ ನೀರು ಇರುತ್ತದೆ. ಅದರ ಪಕ್ಕದ ವಾರ್ಡಿನಲ್ಲಿಯೇ ಹಲವು ದಿನಕ್ಕೊಮ್ಮೆ ನಳ ಬರುವುದೂ ಉಂಟು. ಆದ್ದರಿಂದ ಬಡಾವಣೆಯ ಹೆಸರನ್ನು ನಂಬಬಾರದು, ಆ ಓಣಿಯ ಆ ಮನೆಯನ್ನೇ ವಿಚಾರಿಸಬೇಕು. ಮಾಲಕರಿಗಿಂತ ಪಕ್ಕದ ಖೋಲಿಯ ಹುಡುಗರನ್ನು ಕೇಳುವುದು ಉತ್ತಮ. ನೆಲದ ಟಾಕಿ ಎಷ್ಟು ದೊಡ್ಡದು, ಮೇಲಿನ ಟಾಕಿಗೆ ನೀರು ಏರಿಸುವವರು ಯಾರು, ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರಿನ ಖರ್ಚು ಯಾರ ಪಾಲಿಗೆ ಎಂಬ ಮೂರನ್ನೂ ಸ್ಪಷ್ಟಪಡಿಸಿಕೊಳ್ಳಿರಿ. ನಾನು ಮೊದಲ ವರ್ಷ ಹಿಡಿದ ಖೋಲಿ ಮೂರನೆಯ ಮಹಡಿಯಲ್ಲಿತ್ತು, ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು, ಬಾಡಿಗೆಯೂ ಅಗ್ಗವಾಗಿತ್ತು. ಅಗ್ಗವೇಕೆಂದು ತಿಳಿದದ್ದು ಏಪ್ರಿಲ್ ತಿಂಗಳಲ್ಲಿ, ಪರೀಕ್ಷೆಯ ಮುನ್ನಾದಿನ ಎರಡು ಕೊಡ ಹೊತ್ತು ಮೆಟ್ಟಿಲೇರುವಾಗ.

ಎರಡನೆಯದಾಗಿ ಗೋಡೆಯ ಬುಡವನ್ನು ನೋಡಿರಿ. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ ದಿನಗಟ್ಟಲೆ ಹಿಡಿಯುತ್ತದೆ, ಇರಚಲು ಬರುವುದು ಪಶ್ಚಿಮದಿಂದ. ಪಶ್ಚಿಮಕ್ಕೆ ತೆರೆದ ಗೋಡೆಯುಳ್ಳ ಖೋಲಿಯಲ್ಲಿ ಮಂಚದ ಹಿಂದೆ ಬೂಷ್ಟು ಹಿಡಿದ ಗುರುತು, ಹೊಸದಾಗಿ ಬಳಿದ ಸುಣ್ಣದ ಕೆಳಗೆ ಉಬ್ಬಿದ ಗಾರೆ ಕಂಡರೆ ಆ ಖೋಲಿಯನ್ನು ಬಿಟ್ಟುಬಿಡಿರಿ. ಆಗಸ್ಟಿನಲ್ಲಿ ಪುಸ್ತಕದ ರಟ್ಟುಗಳೂ ಬೆಳ್ಳಗಾಗುತ್ತವೆ.

ಮೂರನೆಯದು ವಿದ್ಯುತ್ತು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಅವಕಾಶವಿದೆ, ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾಲ್ಕೈದು ಖೋಲಿಗಳಿಗೆ ಸೇರಿ ಒಂದೇ ಹೆಸ್ಕಾಂ ಮೀಟರ್ ಇದ್ದರೆ, ಮತ್ತು ಎಲ್ಲರೂ ನೀರು ಕಾಯಿಸಲು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟರೆ, ಆ ಮಿತಿ ದಾಟುವುದು ಸುಲಭ. ಬಿಲ್ಲನ್ನು ಹೇಗೆ ಹಂಚುತ್ತಾರೆಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ.

ಇಷ್ಟೆಲ್ಲ ಒಪ್ಪಿಗೆಯಾದ ಮೇಲೆ ಡಿಪಾಜಿಟ್ಟಿನ ಮಾತು. ಅದನ್ನು ನಗದಾಗಿ ಕೊಡದೆ ಯುಪಿಐ ಅಥವಾ ಬ್ಯಾಂಕಿನ ಮೂಲಕ ಕೊಟ್ಟರೆ ಗುರುತು ಉಳಿಯುತ್ತದೆ. ಹನ್ನೊಂದು ತಿಂಗಳ ಕರಾರುಪತ್ರ ಮಾಡುವವರು ಕಡಿಮೆ. ಮಾಡದಿದ್ದರೆ ಒಂದು ಹಾಳೆಯ ಮೇಲೆ ಬಾಡಿಗೆ, ಡಿಪಾಜಿಟ್ಟು, ಬಿಡುವ ಮುನ್ನ ಎಷ್ಟು ದಿನ ಮೊದಲು ತಿಳಿಸಬೇಕು, ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿರಿ. ಖೋಲಿಗೆ ಕಾಲಿಟ್ಟ ದಿನವೇ ಒಡೆದ ಗಾಜು, ಸೋರುವ ನಳ, ಗೋಡೆಯ ಮೊಳೆಗಳ ಫೋಟೋ ತೆಗೆದು ಮಾಲಕರಿಗೆ ವಾಟ್ಸಾಪ್ ಮಾಡಿರಿ. ನನ್ನ ಎರಡನೆಯ ಮಾಲಕರು ಬಹಳ ಒಳ್ಳೆಯವರು, ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದರು. ಬಿಡುವ ದಿನ ಮಾತ್ರ ನಾನು ಬರುವ ಮೊದಲೇ ಒಡೆದಿದ್ದ ವಾಶ್‌ಬೇಸಿನ್ನಿನ ಹಣವನ್ನು ಡಿಪಾಜಿಟ್ಟಿನಲ್ಲಿ ಹಿಡಿದುಕೊಂಡರು. ಫೋಟೋ ಇದ್ದಿದ್ದರೆ ಹೋಳಿಗೆಯ ಋಣವೂ ಉಳಿಯುತ್ತಿತ್ತು.

ಬಾಡಿಗೆಯನ್ನು ತಾಳಲಾರದವರಿಗೆ ಮಠಗಳ ಪ್ರಸಾದ ನಿಲಯಗಳಿವೆ. ಧಾರವಾಡದ ಮುರುಘಾಮಠದಂತಹ ಕಡೆ ತಲೆಮಾರುಗಳ ಬಡ ವಿದ್ಯಾರ್ಥಿಗಳು ಉಂಡು ಓದಿದ್ದಾರೆ. ಸ್ಥಳಗಳು ಬೇಗ ತುಂಬುತ್ತವೆ, ಅಲ್ಲಿಯ ಶಿಸ್ತಿಗೆ ಒಗ್ಗಿಕೊಳ್ಳಬೇಕು. ಪ್ರವೇಶ ಖಚಿತವಾದ ವಾರದಲ್ಲಿಯೇ ಅಂಕಪಟ್ಟಿಯೊಂದಿಗೆ ಖುದ್ದಾಗಿ ಹೋಗಿ ವಿಚಾರಿಸುವುದು ಒಳಿತು.

ಊಟ

ಹಿಂದೆ ಧಾರವಾಡಕ್ಕೆ ಓದಲು ಬಂದವರು ದಿನಕ್ಕೊಂದು ಮನೆಯಲ್ಲಿ ಉಣ್ಣುವ ವಾರಾನ್ನ ಮಾಡಿಕೊಂಡು, ಊರಿನಿಂದ ಬಸ್ಸಿನ ಮೇಲೆ ಬರುತ್ತಿದ್ದ ಬುತ್ತಿಯನ್ನು ನಿಲ್ದಾಣದಲ್ಲಿ ಕಾದು ಇಳಿಸಿಕೊಂಡು ದಿನ ತೆಗೆದರು. ಇಂದಿನ ಆಸರೆ ಖಾನಾವಳಿ. ತಿಂಗಳ ಲೆಕ್ಕದ ಖಾನಾವಳಿಗೆ ಪೂರ್ತಿ ಹಣ ಕಟ್ಟುವ ಮುನ್ನ ಮೂರು ದಿನ ಬಿಡಿಯಾಗಿ ಉಂಡು ನೋಡಿರಿ, ಅದರಲ್ಲಿ ಒಂದಾದರೂ ರಾತ್ರಿಯ ಊಟವಾಗಿರಲಿ. ಮಧ್ಯಾಹ್ನದ ಪಲ್ಯ ರಾತ್ರಿ ಯಾವ ರೂಪ ತಾಳುತ್ತದೆಂಬುದರಲ್ಲಿ ಖಾನಾವಳಿಯ ಗುಣ ತಿಳಿಯುತ್ತದೆ. ಭಾನುವಾರ ರಾತ್ರಿ ತೆರೆದಿರುತ್ತದೆಯೇ, ಊರಿಗೆ ಹೋದ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆಯೇ ಎಂಬುದನ್ನೂ ಕೇಳಿರಿ.

ತಾಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಬರುತ್ತವೆ, ಕೊನೆಗೆ ಸ್ವಲ್ಪ ಅನ್ನ. ಅನ್ನದಲ್ಲಿಯೇ ಬೆಳೆದ ಕರಾವಳಿ ಮತ್ತು ಹಳೆ ಮೈಸೂರಿನವರಿಗೆ ಮೊದಲ ವಾರ ಹೊಟ್ಟೆ ಒಗ್ಗುವುದಿಲ್ಲ. ಒಮ್ಮೆಲೇ ಮೂರು ರೊಟ್ಟಿ ಹಾಕಿಸಿಕೊಳ್ಳದೆ ಒಂದರಿಂದ ಆರಂಭಿಸಿ, ಜೊತೆಗೆ ಮೊಸರನ್ನು ಬಿಡದೆ ಉಂಡರೆ ಹದಿನೈದು ದಿನಗಳಲ್ಲಿ ಸರಿಹೋಗುತ್ತದೆ. ಕೆಂಪು ಬಣ್ಣ ಕಂಡು ಹೆದರಬೇಕಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಹೆದರಬೇಕಾದದ್ದು ಮಿರ್ಚಿ ಭಜಿಗೆ, ಅದೂ ಮಂಡಕ್ಕಿಯ ಗಿರ್ಮಿಟ್ಟಿನ ಜೊತೆ ದಿನಾ ಸಂಜೆ ತಿನ್ನುವ ಚಟಕ್ಕೆ.

ಖೋಲಿಯಲ್ಲಿ ಅಡಿಗೆ ಮಾಡಿಕೊಳ್ಳುವವರು ಗುರುತಿನ ಚೀಟಿ ತೋರಿಸಿ 5 ಕಿಲೋ ಸಣ್ಣ ಸಿಲಿಂಡರನ್ನು ಕೊಳ್ಳಬಹುದು. ಅದಕ್ಕೆ ಸ್ಥಳೀಯ ವಿಳಾಸದ ಪುರಾವೆ ಬೇಕಿಲ್ಲ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಅನಿಲ ತುಂಬಿಕೊಡುವ ಅಂಗಡಿಗಳ ಹತ್ತಿರ ಸುಳಿಯಬೇಡಿರಿ, ಅದು ಕಾನೂನುಬಾಹಿರವೂ ಹೌದು, ಅಪಾಯಕರವೂ ಹೌದು. ಕಡಕ್ ರೊಟ್ಟಿ ಮಾರುವ ಮನೆಗಳು ಪ್ರತಿ ಬಡಾವಣೆಯಲ್ಲಿಯೂ ಸಿಗುತ್ತವೆ; ರೊಟ್ಟಿ, ಚಟ್ನಿಪುಡಿ ಕೊಂಡಿಟ್ಟುಕೊಂಡರೆ ಪಲ್ಯವೊಂದನ್ನು ಮಾಡಿಕೊಂಡರಾಯಿತು. ಕಾಯಿಪಲ್ಲೆಗೆ ಧಾರವಾಡದವರು ಹೋಗುವ ಸೂಪರ್ ಮಾರ್ಕೆಟ್ ಎಂಬ ಜಾಗದಲ್ಲಿ ಗಾಜಿನ ಬಾಗಿಲೂ ಇಲ್ಲ, ತಳ್ಳುಗಾಡಿಯ ಬುಟ್ಟಿಯೂ ಇಲ್ಲ. ನೆಲದ ಮೇಲೆ ರಾಶಿ ಹಾಕಿಕೊಂಡು ಕುಳಿತ ಅವ್ವಂದಿರಿದ್ದಾರೆ.

ಓಡಾಟ

ಎರಡೂ ಊರುಗಳ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಹವಾನಿಯಂತ್ರಿತ ಚಿಗರಿ ಬಸ್ಸುಗಳಿವೆ. ಟಿಕೇಟನ್ನು ಬಸ್ಸಿನಲ್ಲಿ ಅಲ್ಲ, ರಸ್ತೆಯ ನಡುವಿನ ನಿಲ್ದಾಣದಲ್ಲಿ ಕೊಳ್ಳಬೇಕು. ಎಲ್ಲ ಕಡೆ ನಿಲ್ಲುವ ಬಸ್ಸು ಮತ್ತು ಕೆಲವೇ ಕಡೆ ನಿಲ್ಲುವ ಬಸ್ಸು ಎಂದು ಎರಡು ಬಗೆಗಳಿರುವುದರಿಂದ, ಹತ್ತುವ ಮುನ್ನ ಫಲಕ ಓದದಿದ್ದರೆ ನಿಮ್ಮ ನಿಲ್ದಾಣ ಕಣ್ಣೆದುರೇ ಹಿಂದೆ ಸರಿಯುತ್ತದೆ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯು 2023ರ ಜೂನ್ 11ರಿಂದ ಜಾರಿಯಲ್ಲಿದ್ದು, ಅದು ಸಾಮಾನ್ಯ ಬಸ್ಸುಗಳಿಗೆ ಮತ್ತು ರಾಜ್ಯದ ವಿಳಾಸವುಳ್ಳ ಗುರುತಿನ ಚೀಟಿ ಇರುವವರಿಗೆ ಅನ್ವಯಿಸುತ್ತದೆ. ವಿದ್ಯಾರ್ಥಿ ಪಾಸಿಗೆ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕುವಾಗ ಹತ್ತುವ ಮತ್ತು ಇಳಿಯುವ ನಿಲ್ದಾಣಗಳ ಹೆಸರನ್ನು ಜಾಗ್ರತೆಯಿಂದ ಆರಿಸಿರಿ. ಖೋಲಿ ಖಚಿತವಾಗುವ ಮುನ್ನ ಪಾಸು ಮಾಡಿಸಿ ಪರದಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ರೈಲಿನಲ್ಲಿ ಬರುವವರು ಒಂದನ್ನು ಗಮನಿಸಬೇಕು. ಬೆಂಗಳೂರಿನ ಕಡೆಯಿಂದ ಬರುವ ಹಲವು ರೈಲುಗಳು ಹುಬ್ಬಳ್ಳಿಯಲ್ಲಿಯೇ ಕೊನೆಗೊಳ್ಳುತ್ತವೆ, ಕೆಲವು ಗದಗದ ಕಡೆ ತಿರುಗುತ್ತವೆ, ಕೆಲವು ಮಾತ್ರ ಧಾರವಾಡಕ್ಕೆ ಹೋಗುತ್ತವೆ. ಹುಬ್ಬಳ್ಳಿಯ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ಪ್ರಸಿದ್ಧವೇನೋ ಹೌದು, ಆದರೆ ಹಾಸಿಗೆಯ ಸುರುಳಿ ಹೊತ್ತು ಅದರ ತುದಿಯಿಂದ ನಡೆಯುವವರಿಗೆ ಆ ಹೆಮ್ಮೆ ಉಳಿಯುವುದಿಲ್ಲ.

ಮಾತು ಮತ್ತು ಜನ

ಬೇರೆ ರಾಜ್ಯದವರು ಕನ್ನಡ ಕಲಿಯಬೇಕೆಂಬುದನ್ನು ಎಲ್ಲರೂ ಹೇಳುತ್ತಾರೆ. ಕನ್ನಡಿಗರೂ ಇಲ್ಲಿ ಸ್ವಲ್ಪ ಕನ್ನಡ ಕಲಿಯಬೇಕಾಗುತ್ತದೆ. ಅಂಗಡಿಯಲ್ಲಿ ಮೊಟ್ಟೆಗೆ ತತ್ತಿ, ಆಲೂಗಡ್ಡೆಗೆ ಬಟಾಟಿ, ಕಡಲೆಕಾಯಿಗೆ ಶೇಂಗಾ ಎನ್ನುತ್ತಾರೆ. ಇಲ್ಲಿಯ ದನಿ ದೊಡ್ಡದು, ಅದು ಸಿಟ್ಟಲ್ಲ. ಕ್ರಿಯಾಪದದ ತುದಿಗೆ ಒಂದು 'ರಿ' ಸೇರಿಸಿದರೆ ಅರ್ಧ ಕೆಲಸ ಆದಂತೆಯೇ: "ಅಣ್ಣಾರ, ಸ್ವಲ್ಪ ಸರೀರಿ", "ಅಕ್ಕಾರ, ಇನ್ನೊಂದು ರೊಟ್ಟಿ ಕೊಡ್ರಿ". ವಿಭಾಗದ ಗುಮಾಸ್ತರಿಗೂ, ಗ್ರಂಥಾಲಯದ ಸಿಬ್ಬಂದಿಗೂ, ಖಾನಾವಳಿಯ ಅಕ್ಕನಿಗೂ ಇದೇ ಅನ್ವಯ.

ಸಂಜೆಗಳನ್ನು ಖೋಲಿಯಲ್ಲಿ ಫೋನಿನ ಜೊತೆ ಕಳೆಯುವ ಅಭ್ಯಾಸ ಮೊದಲ ತಿಂಗಳಲ್ಲಿಯೇ ಅಂಟಿಬಿಡುತ್ತದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆಯ ಉಪನ್ಯಾಸಗಳಿಗೆ ಪ್ರವೇಶಕ್ಕೆ ಹಣವಿಲ್ಲ, ಪರಿಚಯದ ಅಗತ್ಯವೂ ಇಲ್ಲ; ಹಿಂದಿನ ಕುರ್ಚಿಯಲ್ಲಿ ಕುಳಿತು ಕೇಳಿ ಬಂದರಾಯಿತು. ಸಂಗೀತದ ಗಂಧವಿಲ್ಲದವರೂ ಒಮ್ಮೆ ಇಲ್ಲಿಯ ಹಿಂದೂಸ್ತಾನಿ ಬೈಠಕ್ಕಿಗೆ ಹೋಗಿ ಬರಬೇಕು. ಬೆಳಗಿನ ನಡಿಗೆಗೆ ಕೆಲಗೇರಿ ಕೆರೆ ಅಥವಾ ವಿಶ್ವವಿದ್ಯಾಲಯದ ಗುಡ್ಡ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಮತ್ತು ನೃಪತುಂಗ ಬೆಟ್ಟ. ಮೂರನೆಯ ದಿನ ಅದೇ ಮುಖಗಳು ಎದುರಾಗುತ್ತವೆ, ನಾಲ್ಕನೆಯ ದಿನ ಮಾತು ಆರಂಭವಾಗುತ್ತದೆ.

ಕಷ್ಟ ಬಂದಾಗ

ಕೆಲವು ಸಂಖ್ಯೆಗಳನ್ನು ಮೊದಲ ದಿನವೇ ಫೋನಿನಲ್ಲಿ ಉಳಿಸಿಕೊಳ್ಳಿರಿ: ತುರ್ತಿಗೆ 112, ಆಂಬುಲೆನ್ಸಿಗೆ 108, ಆನ್‌ಲೈನ್ ವಂಚನೆಗೆ 1930, ರ್‍ಯಾಗಿಂಗ್ ದೂರಿಗೆ 1800-180-5522. ಖೋಲಿಯ ಜಾಹೀರಾತು ನೋಡಿ, ಕಣ್ಣಿಂದ ಕಾಣದ ಖೋಲಿಗೆ ಮುಂಗಡ ಕಳಿಸಿ ಮೋಸಹೋದವರು 1930ಕ್ಕೆ ಎಷ್ಟು ಬೇಗ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮನೆಯ ನೆನಪು ಎಲ್ಲರನ್ನೂ ಕಾಡುತ್ತದೆ. ಆದರೆ ನಿದ್ದೆ, ಊಟ ಎರಡೂ ವಾರಗಟ್ಟಲೆ ತಪ್ಪಿದರೆ ಅದನ್ನು ನೆನಪೆಂದು ತಳ್ಳಿಹಾಕಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯೇ ಇದೆ. ಅಲ್ಲಿಗೆ ಹೋಗುವುದನ್ನು ಹಳಬರು ಇಂದಿಗೂ ತಮಾಷೆಗೆ ಬಳಸುತ್ತಾರೆ, ಆ ತಮಾಷೆಗೆ ಕಿವಿಗೊಡಬೇಡಿರಿ.

ಊರಿಗೆ ಮೊದಲ ಸಲ ಹೋಗುವುದನ್ನು ಮೂರನೆಯ ವಾರದವರೆಗೆ ಮುಂದೂಡಲು ಸಾಧ್ಯವಾದರೆ ಮುಂದೂಡಿರಿ. ಮೊದಲ ಶನಿವಾರವೇ ಬಸ್ಸು ಹತ್ತಿದವರು ಪ್ರತಿ ಶನಿವಾರವೂ ಹತ್ತುತ್ತಾರೆ, ಖೋಲಿ ಅವರಿಗೆ ಕೊನೆಯವರೆಗೂ ನಿಲ್ದಾಣದಂತೆಯೇ ಉಳಿಯುತ್ತದೆ.

ವರ್ಷದ ರಜೆಗೆ ಹೊರಡುವಾಗ ಖೋಲಿಯನ್ನು ಉಳಿಸಿಕೊಳ್ಳುವುದಾದರೆ ರಜೆಯ ಬಾಡಿಗೆ ಪೂರ್ತಿಯೋ ಅರ್ಧವೋ ಎಂದು ಮಾಲಕರೊಂದಿಗೆ ಮಾತಾಡಿ, ಒಪ್ಪಿದ್ದನ್ನು ಸಂದೇಶದಲ್ಲಿ ಬರೆಸಿಕೊಳ್ಳಿರಿ. ಪುಸ್ತಕಗಳನ್ನು ನೆಲದಿಂದ ಎತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿರಿ, ಪಶ್ಚಿಮದ ಕಿಟಕಿಯ ಚಿಲಕ ಹಾಕಿರಿ. ನೀರಿಲ್ಲದ ಹೊತ್ತಿನಲ್ಲಿ ತಿರುಗಿಸಿ ಹಾಗೆಯೇ ಬಿಟ್ಟ ನಳ ಯಾವುದಾದರೂ ಇದೆಯೇ ಎಂದು ಹೊರಡುವ ಮುನ್ನ ಮತ್ತೊಮ್ಮೆ ನೋಡಿರಿ. ನೀವು ಬಸ್ಸಿನಲ್ಲಿರುವಾಗಲೇ ನಳ ಬಂದರೆ, ಕೆಳಗಿನ ಮನೆಯವರು ಫೋನ್ ಮಾಡುವ ಹೊತ್ತಿಗೆ ಹಾಸಿಗೆ ತೇಲುತ್ತಿರುತ್ತದೆ.